ಹೆಜ್ಜೆ ಊರುವ ವಿದ್ಯೆ

ಓಟಕ್ಕೂ ಒಂದು ಇತಿಹಾಸವುಂಟು ಎಂದರೆ ನಗುವವರು ನಮ್ಮಲ್ಲಿ ಹಲವರಿದ್ದಾರೆ. ಮಗು ನಡೆಯಲು ಕಲಿತ ಕೆಲವೇ ತಿಂಗಳಲ್ಲಿ ಓಡತೊಡಗುತ್ತದೆ. ಅದಕ್ಕೆ ಯಾರೂ ಪಾಠ ಹೇಳುವುದಿಲ್ಲ. ಹೀಗಿರುವಾಗ ಓಟದಲ್ಲಿ ಕಲಿಯುವುದೇನು, ಕಲಿಸುವುದೇನು, ಅದರ ಇತಿಹಾಸವಾದರೂ ಎಂಥದು ಎಂದು ಅವರು ಕೇಳುತ್ತಾರೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾಗಿ ಸೀಟಿ ಊದಿದ ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆಯ ಬೆಲೆಯನ್ನು ನಾನು ತೆರಲಿಲ್ಲ. ಒಬ್ಬ ಹುಡುಗ ತೆತ್ತ. ಆ ಮಾತು ಮುಂದೆ ಬರುತ್ತದೆ.

ಈಗ ನಸುಕಿನಲ್ಲಿ ಗದಗ-ಬೆಟಗೇರಿಯಿಂದ ಹೊರಡುವ ಯಾವ ರಸ್ತೆಯ ಬದಿಗೆ ನಿಂತರೂ ಓಡುವ ತರುಣರು ಕಾಣುತ್ತಾರೆ. ಮುಂಡರಗಿಯ ದಾರಿಯಲ್ಲಿಯೂ ಅಷ್ಟೇ, ಶಿರಹಟ್ಟಿ ಲಕ್ಷ್ಮೇಶ್ವರಗಳ ಕಡೆಗೂ ಅಷ್ಟೇ. ಸೈನ್ಯದ ಭರ್ತಿಗೂ ಪೊಲೀಸ್ ಭರ್ತಿಗೂ 1600 ಮೀಟರಿನ ಓಟವೊಂದು ಪರೀಕ್ಷೆಯಾಗಿ ಇದೆ. ಮಳೆಯನ್ನೇ ನಂಬಿದ ಒಕ್ಕಲುತನದ ಮನೆಯ ಮಗನಿಗೆ ಆ ಓಟವೆಂದರೆ ತಿಂಗಳ ಪಗಾರ, ತಂಗಿಯ ಮದುವೆ, ಸಾಲದ ತೀರುವಳಿ. ಆದುದರಿಂದ ಅವನು ಕತ್ತಲೆಯಲ್ಲಿಯೇ ಎದ್ದು ಡಾಂಬರಿನ ಮೇಲೆ ಓಡುತ್ತಾನೆ. ಕಣ್ಣು ಮುಚ್ಚಿ ನಿಂತು ಕೇಳಿದರೆ ಬೂಟಿನ ಸಪ್ಪಳ ದೂರದಿಂದಲೇ ಕೇಳಿಸುತ್ತದೆ. ಭರ್ತಿಗೆ ಹದಿನೈದು ದಿನ ಉಳಿದಿರುವಾಗ ಕಣಕಾಲು ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರಲ್ಲಿ ಉಸಿರಿಗೆ ಕೊರತೆಯಿಲ್ಲ, ಛಲಕ್ಕೆ ಕೊರತೆಯಿಲ್ಲ. ಕೆಟ್ಟದ್ದು ಪಾದ ಊರುವ ರೀತಿ, ಮತ್ತು ಅವಸರ. ಇವೆರಡರ ವಿಷಯವಾಗಿ ನಮ್ಮ ಹಿಂದಿನವರ ಅನುಭವ ಏನು ಹೇಳುತ್ತದೆ ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಓಡುವುದೇ ಕಸುಬಾಗಿದ್ದ ಜನ ನಮ್ಮ ದೇಶದಲ್ಲಿ ಶತಮಾನಗಟ್ಟಲೆ ಇದ್ದರು. 1333ರಲ್ಲಿ ಹಿಂದುಸ್ಥಾನಕ್ಕೆ ಬಂದ ಮೊರಾಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತ ಇಲ್ಲಿಯ ಕಾಲಾಳು ಅಂಚೆಯನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಒಂದು ಮೈಲಿಗೆ ಮೂರು ಠಾಣೆ. ಪ್ರತಿ ಠಾಣೆಯಲ್ಲಿಯೂ ನಡುಕಟ್ಟಿ ಕುಳಿತ ಓಟಗಾರರು. ಒಬ್ಬನು ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡಿ ಬರುತ್ತಾನೆ. ಗೆಜ್ಜೆಯ ನಾದ ಕೇಳಿದೊಡನೆ ಮುಂದಿನವನು ಎದ್ದು ನಿಂತು, ಪತ್ರ ಕೈಗೆ ಬಂದ ಕೂಡಲೇ ಹೊರಡುತ್ತಾನೆ. ಈ ಅಂಚೆ ಕುದುರೆಯ ಅಂಚೆಗಿಂತಲೂ ಬೇಗ ತಲುಪುತ್ತಿತ್ತೆಂದು ಅವನು ಹೇಳುತ್ತಾನೆ.

ಈ ಏರ್ಪಾಟನ್ನು ನಾವು ಸಾಮಾನ್ಯವಾಗಿ ವೇಗದ ದೃಷ್ಟಿಯಿಂದ ಮೆಚ್ಚುತ್ತೇವೆ. ಡ್ರಿಲ್ ಮಾಸ್ತರನ ಕಣ್ಣಿಗೆ ಅದರಲ್ಲಿ ಬೇರೊಂದು ಸಂಗತಿ ಕಾಣುತ್ತದೆ. ದಣಿದ ಮೇಲೆ ಯಾರೂ ಓಡಬೇಕಾಗಿರಲಿಲ್ಲ. ದಣಿದವನ ಹೆಜ್ಜೆ ಮೊದಲು ಕೆಡುತ್ತದೆ: ಸೊಂಟ ಕುಸಿಯುತ್ತದೆ, ಮೊಣಕಾಲು ಬಿಗಿಯುತ್ತದೆ, ಪಾದ ಧಪ್ಪೆಂದು ಬೀಳುತ್ತದೆ. ಹೆಜ್ಜೆ ಕೆಟ್ಟ ಮೇಲೆ ಓಡಿದ ಪ್ರತಿ ಮೈಲಿಯೂ ಎಲುಬಿನ ಲೆಕ್ಕಕ್ಕೆ ಸಾಲವಾಗಿ ಸೇರುತ್ತದೆ. ವರ್ಷವಿಡೀ, ಜೀವನವಿಡೀ ಓಡಬೇಕಾದವನನ್ನು ಒಂದೇ ದಿನ ಸವೆಸಬಾರದೆಂಬ ವಿವೇಕ ಆ ಠಾಣೆಗಳಲ್ಲಿ ಅಡಗಿತ್ತು.

ಬ್ರಿಟಿಷರ ಕಾಲದಲ್ಲಿಯೂ ಓಟಗಾರರ ಕೈಯಿಂದ ಕೈಗೆ ಸಾಗುವ ಈ ಪದ್ಧತಿ ಉಳಿದುಬಂದಿತು. ಮೈಸೂರು ಸೀಮೆಯವರು ಅಂಚೆ ಎಂದದ್ದನ್ನು ಮುಂಬಯಿ ಇಲಾಖೆಯಲ್ಲಿದ್ದ ನಾವು ಟಪಾಲು ಎಂದೆವು. ಆಗ ನಮ್ಮ ಈ ನಾಲ್ಕು ಊರುಗಳು ಒಂದೇ ಆಡಳಿತದಲ್ಲಿರಲಿಲ್ಲ. ಗದಗ ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಗಡಿಗಳು ಕಾಗದದ ಮೇಲೆ ಇದ್ದುವೇ ಹೊರತು ಅಂಗಾಲಿಗೆ ಗೊತ್ತಾಗುತ್ತಿದ್ದ ಗಡಿ ಬೇರೆಯಾಗಿತ್ತು. ಎರಿಯ ನೆಲ ಮಳೆಗಾಲದಲ್ಲಿ ಪಾದವನ್ನು ಕಚ್ಚಿ ಹಿಡಿಯುತ್ತದೆ, ಬೇಸಗೆಯಲ್ಲಿ ಬಿರುಕುಬಿಟ್ಟು ಕಾಲ್ಗಂಟನ್ನು ಹೊರಳಿಸುತ್ತದೆ. ಕಪ್ಪತಗುಡ್ಡದ ಬದಿಯ ಮಸಾರಿ ನೆಲದಲ್ಲಿ ಹರಳು ಹೆಚ್ಚು. ಅಲ್ಲಿ ಪಾದ ಹಗುರಾಗಿ ಬಿದ್ದು ಹಗುರಾಗಿ ಏಳದಿದ್ದರೆ ಅಂಗಾಲು ಉಳಿಯುವುದಿಲ್ಲ. ಬರಿಗಾಲಲ್ಲಿ ಓಡಾಡಿದವನಿಗೆ ನೆಲವೇ ಗುರು. ತಪ್ಪು ಹೆಜ್ಜೆಗೆ ಆಗಿಂದಾಗಲೇ ಶಿಕ್ಷೆ.

1880ರ ದಶಕದಲ್ಲಿ ಗದಗಕ್ಕೆ ರೈಲು ಬಂದಿತು. ರೈಲು ಹೋದಲ್ಲೆಲ್ಲ ಓಟಗಾರನ ಕೆಲಸ ಕಡಿಮೆಯಾಯಿತು; ಮೋಟಾರು ಬಂದ ಮೇಲೆ ಉಳಿದದ್ದೂ ಹೋಯಿತು. ಬೆಟಗೇರಿಯಲ್ಲಿ ಹಳೆಯ ವೀರಗಲ್ಲುಗಳಿವೆ. ಕಾದಿ ಮಡಿದವನಿಗೆ ಕಲ್ಲು ನಿಲ್ಲಿಸಿದ ನಾಡು ಇದು. ಓಡಿ ಬದುಕಿದವನಿಗೆ ಕಲ್ಲೂ ಇಲ್ಲ, ಅವನ ವಿದ್ಯೆಯನ್ನು ಬರೆದಿಟ್ಟ ಓಲೆಯೂ ಇಲ್ಲ. ಬರೆದಿಡದ ವಿದ್ಯೆಯನ್ನು ವಿದ್ಯೆಯೇ ಅಲ್ಲವೆಂದು ತಿಳಿಯುವುದು ಓದಿದವರ ಹಳೆಯ ದೋಷ. ಈ ದೋಷಕ್ಕೆ ಒಳ್ಳೆಯ ಉದಾಹರಣೆಯೊಂದು ನಮ್ಮ ನೆರೆಯ ಬೆಳಗಾವಿಯ ಓಟಗಾರನ ಕಥೆಯಲ್ಲಿ ಸಿಗುತ್ತದೆ.

1919ರಲ್ಲಿ ಸರ್ ದೊರಾಬ್ಜಿ ಟಾಟಾ ಅವರು ಪುಣೆಯ ಡೆಕ್ಕನ್ ಜಿಮಖಾನಾದ ಅಧ್ಯಕ್ಷರಾಗಿದ್ದರು. ಅಲ್ಲಿಯ ಪಂದ್ಯಗಳಲ್ಲಿ ತಾವು ಕಂಡದ್ದನ್ನು ಮುಂದೆ 1929ರಲ್ಲಿ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಅವರು ವಿವರಿಸಿದ್ದಾರೆ. ಸ್ಪರ್ಧಿಗಳಲ್ಲಿ ಬಹುಜನ ಹೊಲದಲ್ಲಿ ದುಡಿಯುವ ಬಡ ಒಕ್ಕಲು ಮಕ್ಕಳು. ಯುರೋಪಿನ ನಿಯಮಗಳನ್ನಾಗಲಿ ಆಧುನಿಕ ತರಬೇತಿಯನ್ನಾಗಲಿ ಅರಿಯದವರು. ಅವರು ಸುಮಾರು 25 ಮೈಲಿಯ ದೂರವನ್ನು ಗಟ್ಟಿ ಖಡಿ ರಸ್ತೆಯ ಮೇಲೆಯೂ ಮಣ್ಣಿನ ದಾರಿಯ ಮೇಲೆಯೂ ಬರಿಗಾಲಲ್ಲಿ ಓಡಿದರು. ಮೊದಲು ಬಂದ ಮೂರು ನಾಲ್ಕು ಜನರ ವೇಳೆ ಯುರೋಪಿನವರ ವೇಳೆಗೆ ಹೋಲಿಸಬಹುದಾದಷ್ಟು ಚೆನ್ನಾಗಿತ್ತು.

ಈ ಪತ್ರದ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ತರಬೇತಿ ಇಲ್ಲ ಎಂಬುದು ಒಂದು; ವೇಳೆ ಯುರೋಪಿನವರಿಗೆ ಸರಿದೊರೆಯಾಗಿತ್ತು ಎಂಬುದು ಇನ್ನೊಂದು. ತರಬೇತಿಯೇ ಇಲ್ಲದ ಕಾಲಿಗೆ 25 ಮೈಲಿಯ ಖಡಿ ರಸ್ತೆಯನ್ನು ಬರಿಗಾಲಲ್ಲಿ ಜೀರ್ಣಿಸಿಕೊಳ್ಳುವ ಶಕ್ತಿ ಬಂದುದಾದರೂ ಎಲ್ಲಿಂದ? ಸೀಟಿ, ಗಡಿಯಾರ, ಮಾಸ್ತರ ಇವು ಇರಲಿಲ್ಲವೆಂಬುದು ದಿಟ. ಆದರೆ ಹುಟ್ಟಿದಂದಿನಿಂದ ಹೊಲ, ಗಾಡಿದಾರಿ, ಹಳ್ಳದ ದಂಡೆ ಆ ಪಾದಗಳಿಗೆ ಪಾಠ ಹೇಳುತ್ತಲೇ ಇದ್ದುವು. ದೊರಾಬ್ಜಿಯವರ ಔದಾರ್ಯವನ್ನು ಕೃತಜ್ಞತೆಯಿಂದ ನೆನೆಯುತ್ತಲೇ ಈ ಮಾತನ್ನು ಹೇಳುತ್ತಿದ್ದೇನೆ. ಅವರ ಪ್ರಯತ್ನವಿಲ್ಲದಿದ್ದರೆ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪಿಗೆ ನಮ್ಮವರು ಹೋಗುತ್ತಲೇ ಇರಲಿಲ್ಲ.

ಹಾಗೆ ಹೋದವರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಒಬ್ಬರು. ಆ ವರ್ಷದ ಆಗಸ್ಟ್ 22ರಂದು ಮಳೆಯ ತಂಪಿನಲ್ಲಿ ಮ್ಯಾರಥಾನ್ ನಡೆಯಿತು. ಇಂದಿನ ಮ್ಯಾರಥಾನ್ 42.195 ಕಿಲೋಮೀಟರು, ಅಂದಿನದು ಅದಕ್ಕೂ ಹೆಚ್ಚು, 42.75 ಕಿಲೋಮೀಟರು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಗದಗದಿಂದ ಮುಂಡರಗಿಯವರೆಗೆ ಒಂದೇ ಓಟ. ಫಿನ್ಲಂಡಿನ ಹಾನೆಸ್ ಕೋಲೆಹ್ಮೈನೆನ್ 2 ಗಂಟೆ 32 ನಿಮಿಷ 35 ಸೆಕೆಂಡುಗಳಲ್ಲಿ ಗೆದ್ದ. ನಮ್ಮವರೇ ಆದ ದಾತಾರ ಎಂಬುವರಿಗೆ ಓಟ ಮುಗಿಸಲಾಗಲಿಲ್ಲ. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ನಿಮಿಷಕ್ಕೆ 165 ಹೆಜ್ಜೆಯೆಂದು ಹಿಡಿದರೂ ಅವರ ಪಾದಗಳು ಅಂದು ಸುಮಾರು 28 ಸಾವಿರ ಸಲ ನೆಲ ಮುಟ್ಟಿರಬೇಕು. ಓಡುವವನ ಪ್ರತಿ ಹೆಜ್ಜೆಯಲ್ಲಿಯೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಒಂದು ಪಾದದಲ್ಲಿರುವ ಎಲುಬುಗಳು 26. ಆ ಸಣ್ಣ ಎಲುಬುಗಳು 28 ಸಾವಿರ ಪೆಟ್ಟುಗಳನ್ನು ಹಂಚಿಕೊಂಡು ಹೊತ್ತುವೆಂದರೆ, ಊರುವ ರೀತಿಯಲ್ಲಿ ಒಂದು ಕ್ರಮ ಇರಲೇಬೇಕಷ್ಟೆ.

ಇಷ್ಟನ್ನು ನಾನು ತಿಳಿದುಕೊಂಡದ್ದು ಬಹಳ ತಡವಾಗಿ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಓಟದ ವಿದ್ಯೆಯೆಂದರೆ ಹೊರಗಿನಿಂದ ಬಂದದ್ದು ಎಂಬ ಭಾವನೆ ಬಲವಾಗಿತ್ತು. ಅಮೆರಿಕದ ಆರೆಗಾನಿನ ತರಬೇತುದಾರ ಬಿಲ್ ಬೌವರ್ಮನ್ 1967ರಲ್ಲಿ ಸಾವಕಾಶದ ಓಟವನ್ನು ಕುರಿತು ಜನಪ್ರಿಯ ಪುಸ್ತಕವೊಂದನ್ನು ಹೊರತಂದಿದ್ದ. ಹಿಮ್ಮಡಿ ಮೊದಲು ಊರಿ ಆಮೇಲೆ ಬೆರಳಿನ ಕಡೆಗೆ ಉರುಳುವ ರೀತಿಯನ್ನು ಅದು ಎತ್ತಿಹಿಡಿಯಿತು. 1970ರ ದಶಕದಲ್ಲಿ ಹಿಮ್ಮಡಿಯ ಕೆಳಗೆ ದಪ್ಪ ಮೆತ್ತೆಯಿಟ್ಟ ಬೂಟುಗಳು ಜಗತ್ತಿನಲ್ಲೆಲ್ಲ ಹರಡಿದುವು. ಬೂಟು ನಮ್ಮ ಹಳ್ಳಿಗೆ ಬರುವ ಮೊದಲೇ ಅದರ ತತ್ತ್ವ ಬಂದಿತ್ತು. ಉದ್ದ ಹೆಜ್ಜೆ, ಹಿಮ್ಮಡಿ ಮುಂದು: ಇದನ್ನೇ ನಾನು ಮಂತ್ರದಂತೆ ಹೇಳುತ್ತಿದ್ದೆ.

1986ರ ಸುಮಾರಿಗೆ ಕಪ್ಪತಗುಡ್ಡದ ಬುಡದ ಹಳ್ಳಿಯಿಂದ ಒಬ್ಬ ಹುಡುಗ ನಮ್ಮ ಶಾಲೆಗೆ ಬಂದ. ದಿನವೂ ಮೂರು ಮೈಲಿ ಬರಿಗಾಲಲ್ಲಿ ಬರುತ್ತಿದ್ದ. ಹೊತ್ತಾದ ದಿನ ಓಡಿಯೇ ಬರುತ್ತಿದ್ದ. ಸಣ್ಣ ಹೆಜ್ಜೆ, ಚುರುಕು ಹೆಜ್ಜೆ, ಸಪ್ಪಳವೇ ಇಲ್ಲ. ತಾಲೂಕಿನ ಪಂದ್ಯದಲ್ಲಿ ಬೂಟು ಹಾಕಿದವರನ್ನೆಲ್ಲ ಹಿಂದಿಕ್ಕಿದ. ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದ ಕಾಲ ಅದು. ಧಾರವಾಡದ ಪಂದ್ಯಕ್ಕೆ ಆರು ವಾರ ಉಳಿದಿತ್ತು. ನಾವು ಮಾಸ್ತರರು ಪಟ್ಟಿ ಹಾಕಿ ಅವನಿಗೆ ಬೂಟು ಕೊಡಿಸಿದೆವು. ಅವನ ಹೆಜ್ಜೆ ಗಿಡ್ಡವೆಂದು ನನಗೆ ಕಂಡಿತು, ಉದ್ದ ಮಾಡಿಸಿದೆ. ಹಿಮ್ಮಡಿ ಊರಿಸಿದೆ. ಹೊಲದ ಬದುವಿನಿಂದ ಡಾಂಬರಿನ ರಸ್ತೆಗೆ ತಂದೆ. ದಿನದ ಓಟವನ್ನು ಇಮ್ಮಡಿ ಮಾಡಿದೆ. ಮೂರನೆಯ ವಾರ ಅವನು ಕಣಕಾಲಿನ ಒಂದು ಕಡೆ ಬೆರಳಿಟ್ಟು, ಇಲ್ಲಿ ನೋಯುತ್ತದೆ ಎಂದ. ಹೊಸ ಬೂಟು, ಹೊಂದಿಕೊಳ್ಳುತ್ತದೆ, ಓಡು ಎಂದೆ. ಅವನು ಓಡಿದ. ನನ್ನ ಮಾತನ್ನು ಮೀರುವ ಹುಡುಗನಲ್ಲ ಅವನು. ಐದನೆಯ ವಾರ ಕುಂಟುತ್ತ ಬಂದಾಗ ಗದಗಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆ. ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು. ಧಾರವಾಡದ ಪಂದ್ಯ ಅವನಿಲ್ಲದೆ ನಡೆಯಿತು. ಮರುವರ್ಷ ಮನೆಯ ಕಷ್ಟಕ್ಕೆ ಶಾಲೆಯನ್ನೂ ಬಿಟ್ಟ.

ತಪ್ಪು ಬೂಟಿನದು ಎಂದು ಕೆಲವು ಕಾಲ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಇತಿಹಾಸ ಆ ಸಮಾಧಾನಕ್ಕೆ ಅವಕಾಶ ಕೊಡುವುದಿಲ್ಲ. ಇಥಿಯೋಪಿಯಾದ ಅಬೆಬೆ ಬಿಕಿಲ 1960ರಲ್ಲಿ ರೋಮಿನ ಕಲ್ಲುಹಾಸಿನ ಬೀದಿಗಳಲ್ಲಿ ಬರಿಗಾಲಲ್ಲಿ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಮ್ಯಾರಥಾನ್ ಗೆದ್ದ. ಅವನೇ 1964ರಲ್ಲಿ ಟೋಕಿಯೋದಲ್ಲಿ ಬೂಟು ಹಾಕಿಕೊಂಡು 2 ಗಂಟೆ 12 ನಿಮಿಷ 11 ಸೆಕೆಂಡಿನಲ್ಲಿ ಮತ್ತೆ ಗೆದ್ದ. ಬರಿಗಾಲಿನ ಓಟಕ್ಕೆ ಹೆಸರಾಗಿದ್ದ ನಮ್ಮ ಶಿವನಾಥ ಸಿಂಗ್ 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ 11ನೆಯವರಾದರು; 1978ರಲ್ಲಿ ಜಾಲಂಧರದಲ್ಲಿ 2 ಗಂಟೆ 12 ನಿಮಿಷದಲ್ಲಿ ಮ್ಯಾರಥಾನ್ ಮುಗಿಸಿದರು. ಕಾಲಿಗೆ ಹೆಜ್ಜೆ ಗೊತ್ತಿದ್ದರೆ ಬೂಟು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ.

ಇದರ ಒಳಗುಟ್ಟನ್ನು ವಿಜ್ಞಾನಿಗಳು ಅಳೆದು ನೋಡಿದ್ದು ಈ ಶತಮಾನದಲ್ಲಿ. ಹಾರ್ವರ್ಡಿನ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರಿಗಾಲಲ್ಲಿ ಓಡಿ ರೂಢಿಯಾದವರು ಹೆಚ್ಚಾಗಿ ಪಾದದ ಮುಂಭಾಗವನ್ನು ಮೊದಲು ಊರುತ್ತಾರೆ. ಹಿಮ್ಮಡಿ ಮೊದಲು ಬಿದ್ದಾಗ ಕಾಲಿಗೆ ಸಿಡಿಲಿನಂತೆ ತಟ್ಟುವ ಮೊದಲ ಪೆಟ್ಟು ಅವರಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ; ಕಾಲ್ಗಂಟು ಬಗ್ಗಿ, ಮೀನಖಂಡ ಆ ಭಾರವನ್ನು ಬುಟ್ಟಿಯ ಹಾಗೆ ತುಂಬಿಕೊಳ್ಳುತ್ತದೆ. ಇದನ್ನು ಓದಿದ ಅನೇಕರು ಬೂಟು ಬಿಸಾಡಿ ಬೀದಿಗಿಳಿದರು. ಆದರೆ 2013ರಲ್ಲಿ ಇನ್ನೆರಡು ಮಾತು ಹೊರಬಿದ್ದುವು. ಉತ್ತರ ಕೀನ್ಯದ ದಾಸನಚ್ ಜನರು ಬರಿಗಾಲಲ್ಲೇ ಬೆಳೆದವರಾದರೂ ಸಾವಕಾಶವಾಗಿ ಓಡುವಾಗ ಬಹುಪಾಲು ಹಿಮ್ಮಡಿಯನ್ನೇ ಮೊದಲು ಊರುತ್ತಾರೆಂಬುದು ಒಂದು. ದಪ್ಪ ಬೂಟಿನಿಂದ ತೆಳು ಬೂಟಿಗೆ ಹತ್ತೇ ವಾರಗಳಲ್ಲಿ ಬದಲಾದ ಹಲವರ ಪಾದದ ಎಲುಬುಗಳಲ್ಲಿ ಒಳಬಾವು ಕಂಡಿತೆಂಬುದು ಇನ್ನೊಂದು. ನನ್ನ ಹುಡುಗನಿಗೆ ಆದದ್ದೇ ಅಲ್ಲಿ ತಿರುಗುಮುರುಗಾಗಿ ಆಗಿತ್ತು.

ಎಲ್ಲವನ್ನೂ ಕೂಡಿಸಿ ನೋಡಿದರೆ ತಿಳಿಯುವುದು ಇಷ್ಟು. ಪಾದದ ಯಾವ ಭಾಗ ಮೊದಲು ತಾಗುತ್ತದೆ ಎಂಬುದಕ್ಕಿಂತ ಪಾದ ಎಲ್ಲಿ ಬೀಳುತ್ತದೆ ಎಂಬುದು ದೊಡ್ಡದು. ಮೊಣಕಾಲು ನೇರ ಚಾಚಿ, ಮೈಗಿಂತ ಮುಂದೆ ಪಾದ ಊರಿದರೆ ಇಳಿಜಾರಿನಲ್ಲಿ ಬಂಡಿಯ ಗಾಲಿಗೆ ಕಲ್ಲು ಒಡ್ಡಿದಂತೆ. ಹೆಜ್ಜೆಹೆಜ್ಜೆಗೂ ನಾವೇ ನಮ್ಮನ್ನು ತಡೆದು ಆ ಪೆಟ್ಟನ್ನು ಎಲುಬಿಗೆ ಕೊಡುತ್ತೇವೆ. ಮೊಣಕಾಲು ತುಸು ಬಗ್ಗಿ, ಪಾದ ಮೈಯ ಕೆಳಗೆ ಬಿದ್ದರೆ ಬಂಡಿ ಉರುಳುತ್ತದೆ. ಇದಕ್ಕೆ ಸುಲಭದ ಉಪಾಯ, ಹೆಜ್ಜೆಯನ್ನು ಕೊಂಚ ಗಿಡ್ಡ ಮಾಡಿ ಎಣಿಕೆಯನ್ನು ಕೊಂಚ ಹೆಚ್ಚಿಸುವುದು. ಅದೇ ವೇಗದಲ್ಲಿ ಎಣಿಕೆಯನ್ನು ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚಿಸಿದರೆ ಮೊಣಕಾಲು ಮತ್ತು ಸೊಂಟದ ಮೇಲಿನ ಹೊರೆ ಇಳಿಯುತ್ತದೆ ಎಂದು 2011ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ನಿಮಿಷಕ್ಕೆ 160 ಇದ್ದವನು 168 ಮಾಡಿದರೆ ಸಾಕು. ಯಂತ್ರ ಬೇಕಿಲ್ಲ, ಕಿವಿ ಸಾಕು. ಸಪ್ಪಳ ಕಡಿಮೆಯಾಗುತ್ತಿದ್ದರೆ ಹೆಜ್ಜೆ ದಾರಿಗೆ ಬರುತ್ತಿದೆಯೆಂದು ತಿಳಿಯಬಹುದು.

ಎರಡನೆಯದು ಅವಸರದ ಮಾತು. ನಾನು ಆ ಹುಡುಗನಲ್ಲಿ ಬೂಟು, ಹೆಜ್ಜೆ, ನೆಲ, ದೂರ ಈ ನಾಲ್ಕನ್ನೂ ಒಂದೇ ತಿಂಗಳಲ್ಲಿ ಬದಲಿಸಿದೆ. ಸ್ನಾಯು ವಾರಗಳಲ್ಲಿ ಒಗ್ಗುತ್ತದೆ. ಎಲುಬಿಗೆ ತಿಂಗಳುಗಳು ಬೇಕು. ಬದಲಿಸುವುದಿದ್ದರೆ ಒಂದನ್ನು ಬದಲಿಸಿ, ಅದು ಮೈಗೂಡಿದ ಮೇಲೆ ಇನ್ನೊಂದಕ್ಕೆ ಕೈಹಾಕಬೇಕು. ಸಾಧ್ಯವಾದಷ್ಟು ದಿನ ಗರಸಿನ ದಾರಿ, ಹೊಲದ ಬದಿ ಹಿಡಿಯಬೇಕು. ದಣಿದು ಹೆಜ್ಜೆ ಕೆಟ್ಟಿತೆನ್ನುವಾಗ ನಡೆಯಬೇಕು. ಹಳೆಯ ಟಪಾಲಿನವರು ಠಾಣೆಗಳನ್ನು ಕಟ್ಟಿದ್ದು ಅದಕ್ಕೇ. ಎಲುಬಿನ ಮೇಲೆ ಬೆರಳಿಟ್ಟು ಇಲ್ಲಿಯೇ ಎಂದು ತೋರಿಸಬಹುದಾದ ನೋವು ಬಂದರೆ ಆ ದಿನವೇ ಓಟ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಒಂದು ಭರ್ತಿ ತಪ್ಪಿದರೆ ಇನ್ನೊಂದು ಬರುತ್ತದೆ.

ಕಳೆದ ವರ್ಷ ಲಕ್ಷ್ಮೇಶ್ವರದ ಸಂತೆಯಲ್ಲಿ ಒಬ್ಬ ನಡುವಯಸ್ಸಿನ ರೈತ ನನ್ನ ಮುಂದೆ ಬಂದು ಕೈಮುಗಿದ. ಗುರುತು ಹತ್ತಲು ಹೊತ್ತು ಹಿಡಿಯಿತು. ಅವನೇ. ನಾನು ಮೊದಲು ಕೇಳಿದ್ದು ಕಾಲಿನ ವಿಷಯ.

“ಆರಾಮ ಐತ್ರಿ ಸರ. ಮಳಿ ಬರೂ ಮುಂದ ಒಂಚೂರು ಸೆಳೀತೈತಿ, ಅಷ್ಟ,” ಎಂದ. ಮಾತಿನಲ್ಲಿ ಆಕ್ಷೇಪವಿರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಬದಿಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳು ನಿಂತಿದ್ದಳು. “ಇಕಿನೂ ಓಡತಾಳ್ರಿ ಸರ. ಬೂಟು ಕೊಡಸ್ಲೋ ಬ್ಯಾಡೋ, ನೀವ ಹೇಳ್ರಿ,” ಎಂದು ಅವನು ಮತ್ತೆ ನನ್ನನ್ನೇ ಕೇಳಿದ.

ಮೂವತ್ತೆಂಟು ವರ್ಷಗಳ ಹಿಂದೆ ನಾನು ಕೂಡಲೇ ಉತ್ತರ ಹೇಳಿದ್ದೆ. ಈ ಸಲ ಹೇಳಲಿಲ್ಲ. “ಮೊದಲ ಅಕಿ ಹ್ಯಾಂಗ ಓಡತಾಳ ನೋಡೂಣು, ನಡಿ,” ಎಂದೆ. ಸಂತೆ ಮುಗಿದ ಮೇಲೆ ಊರ ಹೊರಗಿನ ಗರಸಿನ ದಾರಿಯಲ್ಲಿ ಅವಳು ಹೋಗಿ ಬಂದು ಓಡಿದಳು. ನಾನು ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ನಿಂತು ಕೇಳಿದೆ. ಅವಳು ಹತ್ತಿರ ಬಂದದ್ದು ಉಸಿರಿನಿಂದ ತಿಳಿಯಿತೇ ಹೊರತು ಹೆಜ್ಜೆಯಿಂದ ತಿಳಿಯಲಿಲ್ಲ.

“ಬೂಟು ಕೊಡಸು, ಮುಳ್ಳು ಚುಚ್ಚಬಾರದು. ದಪ್ಪಂದು ಬ್ಯಾಡ. ಮೊದಲ ವಾರಕ್ಕೊಮ್ಮೆ ಹಾಕ್ಕೊಳ್ಳಲಿ, ಆಮ್ಯಾಲ ಎರಡ ಸಲ. ಹೆಜ್ಜಿ ಮಾತ್ರ ಯಾರೂ ಬದಲಸಬ್ಯಾಡ್ರಿ,” ಎಂದೆ. ಅವನು ತಲೆದೂಗಿದ. ಅಪ್ಪ ಮಗಳು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದರು.